328ಐ ಕಾರಿನ ಹಿಂಬದಿಗೆ 275 ಟೈರ್ ಹಾಕಿಸಬಹುದೇ?

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ಶರಣು. ನನ್ನ ಬಳಿ ಎಫ್30 ತಲೆಮಾರಿನ ಬಿಎಂಡಬ್ಲ್ಯು 328ಐ ಇದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಾಲ್ಕೂ ಕಡೆ 18 ಇಂಚಿನ, 8 ಇಂಚು ಅಗಲದ, 34 ಆಫ್‌ಸೆಟ್‌ನ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕೆ ಇರುವ ದೂರ, ಮಿ.ಮೀ. ಲೆಕ್ಕದಲ್ಲಿ) ರಿಮ್‌ಗಳಿದ್ದು, ಟೈರುಗಳು 225/45 ಆರ್18 ಅಳತೆಯವು (225 ಮಿ.ಮೀ. ಅಗಲ, ಗೋಡೆಯ ಎತ್ತರ ಅಗಲದ ಶೇ. 45, ರಿಮ್ 18 ಇಂಚು). 245 ಅಶ್ವಶಕ್ತಿ ಮತ್ತು 350 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿಯಾಗಿ ಹಿಂದಿನ ಎರಡು ಚಕ್ರಗಳ ಮೇಲೆಯೇ ಬೀಳುವುದರಿಂದ, ಮಳೆ ಬಿದ್ದ ದಿನ ರಿಂಗ್ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೂ ಚಕ್ರ ಜಾರುತ್ತಿದೆ ಎಂದು ಎಚ್ಚರಿಸುವ ಹಳದಿ ದೀಪ ಮಿನುಗತೊಡಗುತ್ತದೆ. ಹಿಂಬದಿಗೆ 9.5 ಇಂಚು ಅಗಲದ, 22 ಆಫ್‌ಸೆಟ್‌ನ ರಿಮ್ ಹಾಕಿ 275/35 ಆರ್18 ಟೈರ್ ಏರಿಸಿದರೆ ಯಾವ ತೊಂದರೆಯೂ ಇಲ್ಲವೆಂದು ಟೈರ್ ಅಂಗಡಿಯವರು ಹೇಳುತ್ತಿದ್ದಾರೆ. ಹಿಂದಿನಿಂದ ನೋಡಿದಾಗ ಗಾಡಿ ತುಂಬಿಕೊಂಡು ಕಾಣಬೇಕೆಂಬ ಆಸೆ ನನಗೂ ಇದೆ. ಆದರೆ ತಿಂಗಳಿಗೊಮ್ಮೆ ಮನೆಯವರೆಲ್ಲರನ್ನೂ ಕರೆದುಕೊಂಡು ಬೀದರ್‌ಗೆ ಹೋಗುವವನು ನಾನು. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಬಹಮನಿ ಕೋಟೆ (ಬೀದರ್):

ಸರ್, ನೀವು ಅಗಲದ ಬಗ್ಗೆ ಕೇಳಿದ್ದೀರಿ, ಆದರೆ ಇಲ್ಲಿ ತೀರ್ಮಾನ ಮಾಡುವುದು ಆಫ್‌ಸೆಟ್. ಒಮ್ಮೆ ಲೆಕ್ಕ ಹಾಕಿ ನೋಡೋಣ. ರಿಮ್ 8 ಇಂಚಿನಿಂದ 9.5 ಇಂಚಿಗೆ ಹೋದರೆ 38 ಮಿ.ಮೀ. ಹೆಚ್ಚುತ್ತದೆ, ಅಂದರೆ ಒಳಗೆ 19, ಹೊರಗೆ 19. ಆಫ್‌ಸೆಟ್ 34ರಿಂದ 22ಕ್ಕೆ ಇಳಿದಾಗ ಇಡೀ ಚಕ್ರವೇ ಇನ್ನೂ 12 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಹೀಗೆ ರಿಮ್ಮಿನ ಅಂಚು 31 ಮಿ.ಮೀ. ಹೊರಬರುತ್ತದೆ, ಟೈರಿನ ಉಬ್ಬನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 37 ಮಿ.ಮೀ. ಬಿಎಂಡಬ್ಲ್ಯು ಕಂಪನಿ ಇದೇ ತಲೆಮಾರಿನ ಎಂ3 ಕಾರಿಗೆ ಹಿಂಬದಿಯಲ್ಲಿ 275 ಟೈರ್ ಕೊಟ್ಟಿತು, ಆದರೆ ಅದಕ್ಕಾಗಿ ಮಡ್‌ಗಾರ್ಡನ್ನೇ ಅಗಲಗೊಳಿಸಿತು. ನಿಮ್ಮ ಗಾಡಿಗೆ ಆ ಮೈಕಟ್ಟು ಇಲ್ಲ.

ಎರಡನೆಯದು ಎತ್ತರ. ಈಗಿನ ಟೈರಿನ ಒಟ್ಟು ವ್ಯಾಸ 659.7 ಮಿ.ಮೀ. 275/35 ಹಾಕಿದರೆ 649.7 ಆಗುತ್ತದೆ. ಹಿಂದಿನ ಚಕ್ರ 10 ಮಿ.ಮೀ. ಚಿಕ್ಕದಾದಾಗ ಅದು ಮುಂದಿನ ಚಕ್ರಕ್ಕಿಂತ ಸುಮಾರು ಶೇ. 1.5ರಷ್ಟು ಹೆಚ್ಚು ಸುತ್ತುತ್ತದೆ. ಚಕ್ರ ಜಾರುತ್ತಿದೆಯೇ ಎಂದು ಎಬಿಎಸ್ ಸೆನ್ಸರುಗಳು ತಿಳಿಯುವುದೇ ಈ ಸುತ್ತುಗಳನ್ನು ಹೋಲಿಸಿ ನೋಡಿ. ಅವುಗಳ ಲೆಕ್ಕದಲ್ಲಿ ನಾವೇ ಏಕೆ ವ್ಯತ್ಯಾಸ ತಂದಿಡಬೇಕು?

ಎಫ್30 ಗಾಡಿಗಳಿಗೆ ಕಂಪನಿಯದೇ ಒಂದು ಜೋಡಿ ಇದೆ: ಮುಂದೆ ನಿಮ್ಮಲ್ಲಿ ಈಗಿರುವುದೇ, ಹಿಂದೆ 8.5 ಇಂಚಿನ 47 ಆಫ್‌ಸೆಟ್ ರಿಮ್ ಮತ್ತು 255/40 ಆರ್18 ಟೈರ್. ಇದರ ವ್ಯಾಸ 661.2 ಮಿ.ಮೀ., ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಮಾತ್ರ. ಆಫ್‌ಸೆಟ್ ಹೆಚ್ಚಿರುವುದರಿಂದ ಚಕ್ರ 13 ಮಿ.ಮೀ. ಒಳಕ್ಕೆ ಸರಿಯುತ್ತದೆ, ಹಾಗಾಗಿ ಟೈರಿನ ಅಗಲ 30 ಮಿ.ಮೀ. ಹೆಚ್ಚಿದರೂ ಹೊರಕ್ಕೆ ಬರುವುದು 2 ಮಿ.ಮೀ. ಅಷ್ಟೇ, ಉಳಿದದ್ದೆಲ್ಲ ಒಳಬದಿಗೆ ಕೂರುತ್ತದೆ. ರಿಮ್ ಕೊಳ್ಳುವಾಗ ಬೋಲ್ಟಿನ ಅಳತೆ 5×120 (120 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟು) ಇದೆಯೇ, ನಡುವಿನ ತೂತು 72.6 ಮಿ.ಮೀ. ಇದೆಯೇ ಎಂದು ನೋಡಿಯೇ ಹಣ ಕೊಡಿ.

ಕೆಂಪು ಬಾಳೆ (ಕಮಲಾಪುರ):

ಅಣ್ಣನವರೇ, ನಾನು ಪೆಟ್ಟು ತಿಂದವನು, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಸೆಡಾನಿಗೆ ಹಿಂದೆ 20 ಮಿ.ಮೀ. ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ) ಹಾಕಿಸಿದ್ದೆ. ಒಬ್ಬನೇ ಓಡಿಸುವಾಗ ಏನೂ ತಿಳಿಯಲಿಲ್ಲ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗಿ ಏಳುವುದು ನಿಮಗೂ ಗೊತ್ತು. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಎರಡು ಚೀಲ ಜೋಳ ಇಟ್ಟುಕೊಂಡು ಹುಮನಾಬಾದ್ ಕಡೆ ಹೊರಟಾಗ, ಅಂಥ ಒಂದು ಅಲೆಯ ಮೇಲೆ ಗಾಡಿ ಕುಪ್ಪಳಿಸಿ ಕೂತಿತು. ಹಿಂದಿನಿಂದ ಗರಗಸ ಎಳೆದಂತೆ ಸದ್ದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಟೈರಿನ ಹೊರಭುಜದಲ್ಲಿ ಬೆರಳಗಲ ಪಟ್ಟಿ ಸುತ್ತಲೂ ಹೆರೆದುಹೋಗಿತ್ತು, ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಕರಿಯ ರಬ್ಬರಿನ ಎಳೆಗಳು ಜೋತಾಡುತ್ತಿದ್ದವು. ತಾಯಿಯವರು ಆ ಗಾಡಿಯಲ್ಲಿದ್ದರು. ಆ ದಿನವನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಸೇಡಂ ರಸ್ತೆ (ಕಲಬುರಗಿ):

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ನೀವು ಹೇಳಿದ ಹಳದಿ ದೀಪದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅಗಲವಾದ ಟೈರ್ ಒಣ ರಸ್ತೆಯಲ್ಲಿ ಹಿಡಿತ ಕೊಡುತ್ತದೆ ನಿಜ, ಆದರೆ ನಿಂತ ನೀರನ್ನು ಸೀಳುವುದಕ್ಕೆ ಕಿರಿದಾದ ಟೈರೇ ಮೇಲು. ಟ್ರ್ಯಾಕ್ಟರುಗಳು ಹೊಲದಿಂದ ಎರೆ ಮಣ್ಣನ್ನು ರಸ್ತೆಗೆ ತಂದು ಸುರಿದಾಗ 275 ಇನ್ನೂ ಬೇಗ ತೇಲುತ್ತದೆ. ಮೊದಲು ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯನ್ನು ಓದಿ. 2317 ಎಂದಿದ್ದರೆ ಅದು 2017ರ 23ನೇ ವಾರದ್ದು. ನಮ್ಮ ಊರಿನ ಬಿಸಿಲಿನಲ್ಲಿ ಅಷ್ಟು ವರ್ಷ ಬೆಂದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ದಾರಕ್ಕೆ ಒಂದು ನಟ್ ಕಟ್ಟಿ ಹಿಂದಿನ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಟ್ಟು, ದಾರಕ್ಕೂ ಟೈರಿನ ಉಬ್ಬಿಗೂ ನಡುವಿನ ಅಂತರವನ್ನು ಅಳೆದೆ. ಎಡಕ್ಕೆ 19 ಮಿ.ಮೀ., ಬಲಕ್ಕೆ 18. ಬಹಮನಿ ಕೋಟೆಯವರ 37ರ ಲೆಕ್ಕದಂತೆ ನೋಡಿದರೆ ಟೈರು 18–19 ಮಿ.ಮೀ. ಮಡ್‌ಗಾರ್ಡಿನ ಹೊರಗೇ ನಿಲ್ಲುತ್ತಿತ್ತು. ಟೈರಿನ ಮೇಲಿನ ಅಂಕಿ 4116. ಇಷ್ಟು ಹಳೆಯದೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವರಿಗೆ ಬೇಡವೆಂದು ತಿಳಿಸಿದ್ದೇನೆ. ಕಂಪನಿ ಅಳತೆಯ 8.5 ಇಂಚಿನ ಎರಡು ರಿಮ್ ಹೈದರಾಬಾದಿನಲ್ಲಿ ಸಿಗುವಂತಿವೆ, 47 ಆಫ್‌ಸೆಟ್ ಎಂದು ಒಳಗೆ ಅಚ್ಚಾಗಿರುವ ಫೋಟೊ ಕಳುಹಿಸಲು ಕೇಳಿದ್ದೇನೆ.

ಬಹಮನಿ ಕೋಟೆ (ಬೀದರ್):

ಫೋಟೊ ಬಂದ ಮೇಲೆ ಇಲ್ಲಿ ಹಾಕಿರಿ ಸರ್. ಮುಂದಿನ ಎರಡನ್ನೂ ಅದೇ ಕಂಪನಿಯ, ಅದೇ ಮಾದರಿಯ ಹೊಸ ಟೈರ್ ಮಾಡಿಸಿಕೊಳ್ಳಿ. ಹಿಂದೆ ಹೊಸದು, ಮುಂದೆ 2016ರದು ಇಟ್ಟರೆ ತಿರುವಿನಲ್ಲಿ ಮೂತಿ ನೇರ ಹೋಗಲು ನೋಡುತ್ತದೆ. ಹಿಂದು ಮುಂದಿನ ಟೈರುಗಳನ್ನು ಇನ್ನು ಅದಲುಬದಲು ಮಾಡಲಾಗದು ಎಂಬುದನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.