ಕುಡಿತ ಬಿಡಿಸಲು ವಿಡಿಯೋ ಕರೆಯ ಚಿಕಿತ್ಸೆ ಸಾಕೇ, ಆಸ್ಪತ್ರೆಗೆ ಹೋಗಲೇಬೇಕೇ?

ಪ್ರಶ್ನೆ: ಶಿರಹಟ್ಟಿಯವ
ನಮ್ಮಣ್ಣ ಹನ್ನೆರಡು ವರ್ಷಗಳಿಂದ ದಿನವೂ ಕುಡಿಯುತ್ತಾರೆ. ಬೆಳಿಗ್ಗೆ ಕೈನಡುಕ ನಿಲ್ಲಬೇಕಾದರೂ ಒಂದು ಕ್ವಾರ್ಟರ್ ಬೇಕು. ಈಗ ತಾವಾಗಿಯೇ ಬಿಡುತ್ತೇನೆ ಎನ್ನುತ್ತಿದ್ದಾರೆ, ಆದರೆ ಆಸ್ಪತ್ರೆಯ ಸಾಲಿನಲ್ಲಿ ಊರಿನವರ ಕಣ್ಣಿಗೆ ಬೀಳಲು ಒಪ್ಪುತ್ತಿಲ್ಲ. ವಿಡಿಯೋ ಕರೆಯಲ್ಲಿ ವೈದ್ಯರನ್ನು ಕಂಡು, ಮಾತ್ರೆ ತರಿಸಿಕೊಂಡು ಮನೆಯಲ್ಲಿಯೇ ಬಿಡಿಸಬಹುದೇ?

ಉತ್ತರ: ವಾರ್ಡಿನ ಶುಶ್ರೂಷಕಿ
ಬೆಳಗಿನ ನಡುಕದ ಬಗ್ಗೆ ತಾವು ಬರೆದಿರುವುದರಿಂದಲೇ ಹೇಳುತ್ತೇನೆ: ಆರಂಭದ ದಿನಗಳು ಮನೆಯಲ್ಲಿ ಬೇಡ. ದೇಹ ಮದ್ಯಕ್ಕೆ ಒಗ್ಗಿಹೋದವರು ಏಕಾಏಕಿ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಾಣಿಸಿ, ಪ್ರಾಣಕ್ಕೇ ಕುತ್ತಾಗುತ್ತದೆ. ನಾಡಿ, ರಕ್ತದೊತ್ತಡ, ಬೆವರು ನೋಡುತ್ತ ಔಷಧದ ಪ್ರಮಾಣವನ್ನು ಏರಿಸಿ ಇಳಿಸುವುದಾಗಲಿ, ಥಯಾಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಕೊಡುವುದಾಗಲಿ ಪರದೆಯಾಚೆಯಿಂದ ಆಗದ ಕೆಲಸ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದರೆ ಊರಿನವರು ಎದುರಾಗುವ ಸಂಭವವೂ ಕಡಿಮೆ. ವೈದ್ಯರನ್ನು ಕಾಣುವವರೆಗೆ ಒಮ್ಮೆಲೇ ಪೂರ್ತಿ ನಿಲ್ಲಿಸುವ ಸಾಹಸ ಮಾಡಬೇಡಿ.

ಉತ್ತರ: ಬಿಟ್ಟು ಮೂರು ವರ್ಷ
ಅವರ ಮಾತು ನಿಜ, ಆದರೆ ನನ್ನ ಮಟ್ಟಿಗೆ ವಾರ್ಡಿನ ಹತ್ತು ದಿನಗಳೇ ಸುಲಭದವು. ಕಷ್ಟವೆಲ್ಲ ಮನೆಗೆ ಮರಳಿದ ಮೇಲೆ, ಸಂಜೆ ಆರರ ಹೊತ್ತಿಗೆ. ಮೊದಲ ಸಲ ಬಿಟ್ಟಾಗ ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತಿದ್ದುದರಿಂದ ಎರಡು ತಿಂಗಳಲ್ಲೇ ಹೋಗುವುದನ್ನು ನಿಲ್ಲಿಸಿದೆ, ಮತ್ತೆ ಕುಡಿದೆ. ಎರಡನೆಯ ಸಲ ಆಪ್ತಸಮಾಲೋಚಕರು ವಾರಕ್ಕೊಮ್ಮೆ ಫೋನ್‌ನಲ್ಲಿ ಸಿಕ್ಕಿದ್ದರಿಂದ ಉಳಿದೆ. ಹಾಗೆಂದು ಫೋನಿಗೆ ವಾಸನೆ ತಿಳಿಯುವುದಿಲ್ಲ. ಎರಡು ಬಾರಿ ಕುಡಿದೇ ಮಾತಾಡಿದ್ದೆ, ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ನನ್ನ ಹೆಂಡತಿಯೂ ಕರೆಯಲ್ಲಿ ಕೂರತೊಡಗಿದಳು.

ಉತ್ತರ: ಔಷಧ ಅಂಗಡಿಯವ
ಕಾನೂನಿನ ಒಂದು ಅಂಶ ಸೇರಿಸುತ್ತೇನೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಗಳನ್ನು ದೂರದಿಂದ ಬರೆದುಕೊಡಲು ಬಿಡುವುದಿಲ್ಲ. ಹೆರಾಯಿನ್ ಬಿಡಿಸಲು ಬಳಸುವ ಬುಪ್ರೆನಾರ್ಫಿನ್‌ಗೆ ರೋಗಿ ಖುದ್ದಾಗಿ ಹೋಗಲೇಬೇಕಾಗುವುದು ಅದಕ್ಕೇ. ಇನ್ನು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಅಣ್ಣನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ.

ಶಿರಹಟ್ಟಿಯವ
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅಣ್ಣನಿಂದಲೇ ಕರೆ ಮಾಡಿಸಿದೆ. ಕನ್ನಡದಲ್ಲಿಯೇ ಮಾತಾಡಿದರು, ಅವರೂ ಮೊದಲು ಆಸ್ಪತ್ರೆಗೇ ಹೋಗಿ ಎಂದರು. ಸೋಮವಾರ ಧಾರವಾಡಕ್ಕೆ ಹೊರಡುತ್ತಿದ್ದೇವೆ.