ಕ್ಯಾಲಿಫೋರ್ನಿಯಾ ಮೆಡಿಕಲ್ ಬೋರ್ಡ್: ಸೆನೆಟ್ ಸುಮ್ಮನಿದ್ದರೂ ಸ್ಥಾನ ಹೋಗುತ್ತದೆ

ಪ್ರಶ್ನೆ: ವೈದ್ಯರಿಗೆ ಲೈಸೆನ್ಸ್ ಕೊಡುವ ಕ್ಯಾಲಿಫೋರ್ನಿಯಾ ಮೆಡಿಕಲ್ ಬೋರ್ಡಿಗೆ ಗವರ್ನರ್ ನೇಮಿಸಿದ ಮೇಲೆ, ರಾಜ್ಯದ ಸೆನೆಟ್ (ಶಾಸಕಾಂಗದ ಮೇಲ್ಮನೆ) ಒಪ್ಪುವವರೆಗೆ ಸದಸ್ಯರು ಕೆಲಸ ಶುರುಮಾಡಲು ಕಾಯಬೇಕಾ ಸರ್? ನಡುವೆ ಒಬ್ಬ ವೈದ್ಯರ ಲೈಸೆನ್ಸ್ ರದ್ದು ಮಾಡಲು ಮತ ಹಾಕಿದರೆ ಅದು ಊರ್ಜಿತವಾಗುತ್ತಾ?

ಉತ್ತರ: ಕಾಯಬೇಕಿಲ್ಲ. ಪ್ರಮಾಣವಚನ ಮುಗಿಸಿ ಕೆಲಸ ಶುರುಮಾಡಿದ ದಿನದಿಂದಲೇ ಅವರು ಪೂರ್ಣ ಸದಸ್ಯರು. ಮುಂದೆ ಅನುಮೋದನೆ ಸಿಗದಿದ್ದರೂ ಅಲ್ಲಿಯವರೆಗೆ ಹಾಕಿದ ಮತ ಬಿದ್ದುಹೋಗುವುದಿಲ್ಲ, ಏಕೆಂದರೆ ಅಷ್ಟು ದಿನ ಅವರು ಕೂತಿದ್ದು ಕಾನೂನಿನ ಪ್ರಕಾರವೇ.

ಬೋರ್ಡಿನಲ್ಲಿ 15 ಸ್ಥಾನ: 8 ವೈದ್ಯರು, 7 ಸಾರ್ವಜನಿಕ ಸದಸ್ಯರು. ಗವರ್ನರ್ ನೇಮಿಸುವ 13 ಮಂದಿಗೆ ಮಾತ್ರ ಸೆನೆಟ್ ಒಪ್ಪಿಗೆ ಬೇಕು. ಉಳಿದ ಇಬ್ಬರನ್ನು ಸೆನೆಟ್ ರೂಲ್ಸ್ ಸಮಿತಿ (ನೇಮಕಗಳನ್ನು ಮೊದಲು ಪರಿಶೀಲಿಸುವ ಸಮಿತಿ) ಮತ್ತು ಅಸೆಂಬ್ಲಿ ಸ್ಪೀಕರ್ ತಲಾ ಒಬ್ಬರಂತೆ ಆರಿಸುತ್ತಾರೆ. ಅವರಿಗೆ ಈ ಹಂತ ಇಲ್ಲ.

ಎಡವುವುದು ಗಡುವಿನಲ್ಲಿ. ಸೆನೆಟ್‌ಗೆ ಇರುವುದು 365 ದಿನ. ಈ ಲೆಕ್ಕ ಶುರುವಾಗುವುದು ಕೆಲಸ ಆರಂಭಿಸಿದ ದಿನದಿಂದ, ಗವರ್ನರ್ ಕಚೇರಿ ಹೆಸರು ಪ್ರಕಟಿಸಿದ ದಿನದಿಂದ ಅಲ್ಲ. ಅಷ್ಟರೊಳಗೆ ಅನುಮೋದಿಸದಿದ್ದರೆ ಯಾರೂ ವಿರೋಧಿಸದೇ ಇದ್ದರೂ ಸ್ಥಾನ ತೆರವು. ಉದಾಹರಣೆಗೆ, 2025ರ ಅಕ್ಟೋಬರ್ 10ಕ್ಕೆ ಕೆಲಸ ಶುರುಮಾಡಿದವರಿಗೆ ಕಾಗದದ ಮೇಲೆ 2026ರ ಅಕ್ಟೋಬರ್‌ವರೆಗೆ ಸಮಯ ಇದೆ. ಆದರೆ 2026ರಂಥ ಸಮಸಂಖ್ಯೆಯ ವರ್ಷದಲ್ಲಿ ಅಧಿವೇಶನ ಆಗಸ್ಟ್ 31ಕ್ಕೇ ಮುಗಿಯುತ್ತದೆ. ಅಂದರೆ ಕೈಯಲ್ಲಿರುವುದು ಹತ್ತೂವರೆ ತಿಂಗಳು ಮಾತ್ರ. ಕೆಲಸ ಶುರುವಾದ ತಾರೀಖು ಬರೆದಿಟ್ಟುಕೊಂಡು ಅಲ್ಲಿನ ಬೇಸಿಗೆಗೆ, ಅಂದರೆ ಜೂನ್‌ಗೆ, ಮೊದಲೇ ಅನುಮೋದನೆ ಎಲ್ಲಿಗೆ ಬಂತೆಂದು ವಿಚಾರಿಸಿ.

ಮರುಪ್ರಶ್ನೆ: ಸೆನೆಟ್ ನೇರವಾಗಿ ಬೇಡ ಅಂದುಬಿಟ್ಟರೆ?

ಉತ್ತರ: ತಿರಸ್ಕರಿಸಿದ ದಿನದಿಂದ 60 ದಿನ, ಇಲ್ಲವೇ ಆ 365 ದಿನ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮುಂದುವರಿಯಬಹುದು. ಹೆಸರು ಮೊದಲು ಐವರು ಸದಸ್ಯರ ರೂಲ್ಸ್ ಸಮಿತಿಗೆ ಹೋಗುತ್ತದೆ. ಕೆಲವರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ, ಕೆಲವರನ್ನು ಕರೆಯುವುದೇ ಇಲ್ಲ. ಆಮೇಲೆ ಸದನದಲ್ಲಿ 40ರಲ್ಲಿ 21 ಮತ ಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮ ಕರ್ನಾಟಕದಲ್ಲೂ ವಿಧಾನಸಭೆ ಹೀಗೆ ಒಪ್ಪಬೇಕಾ?

ಉತ್ತರ: ಇಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರು ಚುನಾಯಿಸಿದವರೂ ಇರುತ್ತಾರೆ, ಸರ್ಕಾರ ನಾಮನಿರ್ದೇಶನ ಮಾಡಿದವರೂ ಇರುತ್ತಾರೆ. ಒಬ್ಬೊಬ್ಬರ ಹೆಸರನ್ನೂ ಶಾಸಕಾಂಗದ ಮುಂದಿಟ್ಟು ಮತಕ್ಕೆ ಹಾಕುವ ಕ್ರಮ ಇಲ್ಲಿಲ್ಲ.

ಪ್ರಶ್ನೆ: ಬೋರ್ಡಿಗೆ ದೂರು ಕೊಟ್ಟ ರೋಗಿಯ ಮನೆಯವರು ಒಂದು ನೇಮಕವನ್ನು ವಿರೋಧಿಸಬಹುದಾ ಮೇಡಂ?

ಉತ್ತರ: ಖಂಡಿತ. ವಿರೋಧಿಸಬೇಕು ಅನ್ನಿಸಿದರೆ ಹಿಂಜರಿಯಬೇಡಿ. ರೂಲ್ಸ್ ಸಮಿತಿಗೆ ವಿಚಾರಣೆಗೆ ಮುಂಚೆ ಪತ್ರ ಬರೆಯಿರಿ. ಸದನದ ಮತದಾನದ ಹಿಂದಿನ ದಿನ ಬರೆದರೆ ಓದುವವರಿರುವುದಿಲ್ಲ. ಪತ್ರದಲ್ಲಿ ನಿಮ್ಮ ದೂರಿನ ಕಥೆಯನ್ನಷ್ಟೇ ತುಂಬಬೇಡಿ. ಶಿಸ್ತುಕ್ರಮದ ಚರ್ಚೆ ಮುಚ್ಚಿದ ಬಾಗಿಲೊಳಗೆ ನಡೆಯುವುದರಿಂದ ಅಲ್ಲಿ ಯಾರು ಏನಂದರೆಂದು ನಿಮಗೆ ತಿಳಿಯದು. ಬಹಿರಂಗ ಸಭೆಯಲ್ಲಿ ಆ ಸದಸ್ಯರು ಯಾವ ತಾರೀಖಿಗೆ ಯಾವ ವಿಷಯಕ್ಕೆ ಹೇಗೆ ಮತ ಹಾಕಿದರು ಎಂಬುದನ್ನು ನಡಾವಳಿಯಿಂದ ಎತ್ತಿ ಬರೆದರೆ, ಸಮಿತಿಯವರು ಅದನ್ನೇ ಹಿಡಿದು ಪ್ರಶ್ನೆ ಕೇಳಬಹುದು.