ಕಂಪ್ಯೂಟರಿನಲ್ಲಿ ಗುಂಪಾಗಿ ಪರಿಕಲ್ಪನಾ ನಕ್ಷೆ: ಮಾಡಿಸಿದವರು ಹೇಳಿ

ಬೇಲೂರಿನ ಶಿಕ್ಷಕಿ: ಪದಗಳನ್ನು ಡಬ್ಬಿಯಲ್ಲಿಟ್ಟು ಬಾಣ ಎಳೆದು ಜೋಡಿಸುವ ನಕ್ಷೆಯನ್ನು 9ನೇ ತರಗತಿಯಲ್ಲಿ ಗುಂಪಾಗಿ ಮಾಡಿಸಬೇಕೆಂದಿದ್ದೇನೆ. ಕಂಪ್ಯೂಟರ್ 6, ಮಕ್ಕಳು 34. ನೆಟ್ ಬಂದರೆ ಬಂತು. ನೀವು ಎಲ್ಲಿ ಎಡವಿದಿರಿ?

ಮೂಡಿಗೆರೆ ಕಡೆಯ ಮೇಷ್ಟ್ರು: ಮೇಡಂ, ನಾವು ಸಿಮ್ಯಾಪ್ ಟೂಲ್ಸ್ (CmapTools) ಅನ್ನೋ ನಕ್ಷೆ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡಿದ್ದೇವೆ. ದುಡ್ಡು ಕೊಡಬೇಕಿಲ್ಲ, ನೆಟ್ ಇಲ್ಲದೆಯೂ ಓಡುತ್ತದೆ. ಆದರೆ ಒಂದಕ್ಕೆ ಐದಾರು ಮಕ್ಕಳು ಕೂತರೆ ಮೌಸ್ ಹಿಡಿದವನದೇ ರಾಜ್ಯ. ಮೊದಲ ದಿನ ಉಳಿದವರು ಸುಮ್ನೆ ಕಿಟಕಿ ಆಚೆ ನೋಡುತ್ತ ಕೂತಿದ್ದರು. ಈಗ ಮೌಸ್ ಹಿಡಿದವರು ಬೇರೆಯವರು ಹೇಳಿದ್ದನ್ನಷ್ಟೇ ಹಾಕಬೇಕು. ಹತ್ತು ನಿಮಿಷಕ್ಕೊಮ್ಮೆ ಕೈ ಬದಲು.

ನಾನು ಜಾಸ್ತಿ ಎಡವಿದ್ದು ಬಾಣದ ಮೇಲಿನ ಪದದಲ್ಲಿ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ತಂಡ ಈ ನಕ್ಷೆ ರೂಪಿಸಿದ್ದು ಇಂಗ್ಲಿಷಿನಲ್ಲಿ. ಅಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಬಾಣದ ಮೇಲೆ ಸಲೀಸಾಗಿ ಕೂರುತ್ತದೆ. ನಮ್ಮಲ್ಲಿ ಅದು ಕೊನೆಗೆ ಅಲ್ವಾ? ‘ಹೇಮಾವತಿ – ಸೇರುತ್ತದೆ – ಕಾವೇರಿ’ ಅಂದರೆ ಯಾರು ಯಾರನ್ನು ಸೇರಿದರು ಅಂತಲೇ ಗೊಂದಲ. ಮಕ್ಕಳು ಪದ ಬಿಟ್ಟು ಬರೀ ಗೆರೆ ಎಳೆಯತೊಡಗಿದರು. ಬರೀ ಗೆರೆ ನೋಡಿ ಮಗುವಿಗೆ ಏನು ಅರ್ಥವಾಗಿದೆ ಅಂತ ಹೇಗೆ ಹೇಳುವುದು? ಕೊನೆಗೆ ಒಬ್ಬಳು ಹುಡುಗಿ ‘ಸೇರುವ ನದಿ’ ಅಂತ ಹಾಕಿದಳು. ಹೇಮಾವತಿ – ಸೇರುವ ನದಿ – ಕಾವೇರಿ. ಅಲ್ಲಿಂದ ಎಲ್ಲರದೂ ಅದೇ ದಾರಿ: ಕಾಫಿ – ಬೇಕಾದದ್ದು – ನೆರಳು.

ಆ ನೆರಳಿನಿಂದಲೇ ಜಗಳ ಹತ್ತಿಕೊಂಡಿತು. ತೋಟದ ಮನೆಯ ಹುಡುಗನೊಬ್ಬ, ನೆರಳು ಕಡಿಮೆಯಾದರೆ ಕಾಂಡಕೊರಕ ಹುಳು ಬರುತ್ತದೆ, ಅದಕ್ಕೂ ಬಾಣ ಹಾಕು ಅಂದ. ಪಕ್ಕದವನು, ನಮ್ಮ ಗಿಡಕ್ಕೆ ಅದರ ಕಾಟವೇ ಇಲ್ಲ ಅಂದ. ವಿಚಾರಿಸಿದರೆ ಕಾಫಿಯ ಜಾತಿಯೇ ಬೇರೆ: ಪಕ್ಕದವನದು ರೊಬಸ್ಟಾ, ಮೊದಲಿನವನದು ಅರೇಬಿಕಾ! ‘ಕಾಫಿ’ ಡಬ್ಬಿ ಒಡೆದು ಎರಡಾಯಿತು. ನಾನು ಬಾಯಿ ಬಿಟ್ಟಿರಲಿಲ್ಲ.

ಅರಸೀಕೆರೆಯಿಂದ: ಮೊದಲ ಪೀರಿಯಡ್ ಕಂಪ್ಯೂಟರ್ ಮುಟ್ಟಲೇಬೇಡಿ. ಕನ್ನಡ ಟೈಪಿಂಗಿಗೇ ಅರ್ಧ ಗಂಟೆ ಹೋಗುತ್ತದೆ. ಪದಗಳನ್ನು ಚೀಟಿಯಲ್ಲಿ ಬರೆಸಿ, ಜೋಡಿಸಿ ನೋಡಲಿ. ಟೈಪ್ ಮಾಡುವಾಗ ಯೂನಿಕೋಡ್ ಇರಲಿ, ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸುಮೇಲೋಗರ. ಕರೆಂಟ್ ಹೋಗಿ ನಮ್ಮ ನಕ್ಷೆ ಎರಡು ಸಲ ಹಾರಿಹೋಗಿದೆ. ಆಗಾಗ ಸೇವ್ ಮಾಡಿಸಿ.

ಬೇಲೂರಿನ ಶಿಕ್ಷಕಿ: ಬಾಣದ ವಿಷಯ ಹೊಳೆದೇ ಇರಲಿಲ್ಲ ಸರ್. ಸೋಮವಾರ ಯಗಚಿ ನದಿಯಿಂದಲೇ ಶುರು. ಚೀಟಿ ಜೋಡಿಸುವುದು ಡೆಸ್ಕ್ ಮೇಲಾ, ನೆಲದ ಮೇಲಾ?

ಅರಸೀಕೆರೆಯಿಂದ: ನೆಲದ ಮೇಲೆ. ಫ್ಯಾನ್ ಆರಿಸಿಬಿಡಿ.